ಆ ಕಾಲರ್ ಚಿತ್ರ ರಾಕ್‌ವೆಲ್ ಅವರದ್ದಲ್ಲ

ಒಂದು ಹಳೇ ಜಾಹೀರಾತು ಚಿತ್ರ ರಾಕ್‌ವೆಲ್ ಅವರದ್ದು ಅಂತ ಮೊನ್ನೆ ನಾನೇ ಗ್ರೂಪಿಗೆ ಹಾಕಿದ್ದ ಮೆಸೇಜಿನಲ್ಲಿ ತಪ್ಪಾಗಿದೆ. ಗರಿಗರಿ ಕಾಲರ್ ಹಾಕಿ ಠೀವಿಯಿಂದ ನಿಂತ ಯುವಕನ ಆ ‘ಆರೋ’ (Arrow) ಬ್ರ್ಯಾಂಡಿನ ಶರ್ಟ್ ಕಾಲರ್ ಜಾಹೀರಾತು ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಬರೆದದ್ದಲ್ಲ, ಅಲ್ಲಿನದೇ ಇನ್ನೊಬ್ಬ ಚಿತ್ರಕಾರ ಜೆ.ಸಿ. ಲಿಯೆಂಡೆಕರ್ ಅವರದ್ದು. ಈ ಜಾಹೀರಾತುಗಳು ಶುರುವಾದ 1905ರಲ್ಲಿ ರಾಕ್‌ವೆಲ್‌ಗೆ ಬರೀ 11 ವರ್ಷ!

ಗೊಂದಲ ಆಗೋದು ಸಹಜ ಅನ್ನಿ. ಅಮೆರಿಕದ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಗೆ ಇಬ್ಬರೂ ತಲಾ 300ಕ್ಕೂ ಜಾಸ್ತಿ ಮುಖಪುಟ ಬರೆದವರು, ಲಿಯೆಂಡೆಕರ್ 1899ರಿಂದ, ಅವರನ್ನೇ ನೋಡಿ ಬೆಳೆದ ರಾಕ್‌ವೆಲ್ 1916ರಿಂದ.

ಚಿತ್ರ ದೊಡ್ಡದು ಮಾಡಿ ಬಟ್ಟೆಯ ಮಡಿಕೆ ನೋಡಿ. ಅಗಲ ಕುಂಚದ ಓರೆ ಗೀಟುಗಳು, ನಡುವೆ ಅಲ್ಲಲ್ಲಿ ಬಣ್ಣ ತಾಗದ ಕ್ಯಾನ್ವಾಸು. ಅದೇ ಲಿಯೆಂಡೆಕರ್ ಕೈಗುರುತು, ರಾಕ್‌ವೆಲ್ ಹಾಗೆ ಬರೆಯುತ್ತಿರಲಿಲ್ಲ. ಹಳೇ ಮೆಸೇಜ್ ಅಳಿಸಿಬಿಡಿ, ದಯವಿಟ್ಟು ಮುಂದೆ ಕಳಿಸಬೇಡಿ.