ಮೂರು ಕೊಟೇಶನ್, ಒಂದೇ ಜೀಪು

ನಮ್ಮ ದಾನಿಗಳಿಗೆ ಕಾಡೆಂದರೆ ಪ್ರಾಣ. ವನ್ಯಜೀವಿ ಸಂಶೋಧನೆಗೆ, ಪ್ರಾಣಿ ಹಾದುಹೋದರೆ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ ಬೇಕು ಅಂದರೆ ಕೊಡಿಸುತ್ತಾರೆ. ಟೆಂಟು, ಜಾಕೆಟ್ಟು, ಲೋಗೋ ಇರುವ ಟೋಪಿ, ಯಾವುದಕ್ಕೂ ಕೊರತೆ ಇಲ್ಲ. ಆ ಕ್ಯಾಮೆರಾಗೆ ಸೆಲ್ ಹಾಕಬೇಕಲ್ಲ ಸಾರ್ ಅಂದಾಗ ಮಾತ್ರ ಮುಖ ಹುಳ್ಳಗಾಗುತ್ತದೆ. ಸೆಲ್ಲು ರನ್ನಿಂಗ್ ಕಾಸ್ಟ್. ಜೀಪಿನ ಡೀಸೆಲ್ಲೂ ಅದೇ ಜಾತಿ. ಇಂಬಳ ಕಚ್ಚಿಸಿಕೊಂಡು ದಾರಿ ತೋರಿಸುವ ಹಾಡಿಯ ಹುಡುಗನ ದಿನಗೂಲಿಯೂ ಅದೇ ಜಾತಿ. ಸೆಲ್ಲಿನ ಮೇಲೆ ದಾನಿಯ ಹೆಸರು ಬರೆಸಿದರೂ ಮುಚ್ಚಳ ಹಾಕಿದ ಮೇಲೆ ಯಾರಿಗೆ ಕಾಣಬೇಕು, ಅಲ್ವಾ?

ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಫೋಟೋದಲ್ಲಿ ಪಟ್ಟೆ ನೋಡಿ ಹುಲಿ ಲೆಕ್ಕ ಹಾಕುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬೆಳೆಸಿದ್ದು ನಮ್ಮ ನಾಗರಹೊಳೆಯಲ್ಲೇ. ಎಡಮಗ್ಗುಲಿನ ಪಟ್ಟೆ ಬೇರೆ, ಬಲಮಗ್ಗುಲಿನದು ಬೇರೆ. ಅದಕ್ಕೇ ದಾರಿಯ ಆಚೆಗೊಂದು ಈಚೆಗೊಂದು ಕ್ಯಾಮೆರಾ. ಬಜೆಟ್ ನೋಡುವವರಿಗೆ ಇದು ದುಂದು. "ಒಂದೇ ಕಡೆ ಇಡಿ, ಅರ್ಧ ಉಳಿಯುತ್ತೆ." ಉಳಿಯುತ್ತೆ. ಹುಲಿಯೂ ಅರ್ಧವೇ ಉಳಿಯುತ್ತೆ. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563 ಹುಲಿ ಅಂದಾಗ ಎಲ್ಲರೂ ಎದೆಯುಬ್ಬಿಸಿದೆವು. ಇಂಥ ಲೆಕ್ಕಕ್ಕೆ ಎಷ್ಟು ಸೆಲ್ ಸುಡುತ್ತದೆ ಎಂದು ಕೇಳಿದವರು ನನಗಂತೂ ಸಿಕ್ಕಿಲ್ಲ.

ಇನ್ನು ಜೀಪು. ಬಾಡಿಗೆಗೆ ತರಲು ಮೂರು ಕೊಟೇಶನ್ ಬೇಕು. ಊರಲ್ಲಿರುವುದು ಒಂದೇ ಜೀಪು. ಹಾಗಾಗಿ ಮಾಲೀಕನ ಹೆಸರಲ್ಲೊಂದು, ಅವನ ತಮ್ಮನ ಹೆಸರಲ್ಲೊಂದು, ಭಾವಮೈದುನನ ಹೆಸರಲ್ಲೊಂದು. ಮೂರರಲ್ಲೂ ಕೈಬರಹ ಒಂದೇ, ಪೈಪೋಟಿ ಮಾತ್ರ ಭಯಂಕರ. ಕೊನೆಗೆ ಐವತ್ತು ರೂಪಾಯಿ ಅಂತರದಲ್ಲಿ ಮಾಲೀಕನೇ ಗೆಲ್ಲುತ್ತಾನೆ, ಆಡಿಟರಿಗೂ ಸಮಾಧಾನ.

ಆನೆಗೆ ಕ್ಯಾಮೆರಾ ಡಬ್ಬಿ ಕಂಡರಾಗದು. ಕಿತ್ತು ತುಳಿಯುತ್ತದೆ. ಪರಿಹಾರದ ಫಾರಂನಲ್ಲಿ ಹಾನಿ ಮಾಡಿದವರ ವಿವರ ಕೇಳುತ್ತಾರೆ. ಹೆಸರು: ಒಂಟಿ ಸಲಗ. ಖಾಯಂ ವಿಳಾಸ: ಇಲ್ಲ. ಆಧಾರ್: ಲಗತ್ತಿಸಿಲ್ಲ.

ಬೇಡಪ್ಪ ಇವರ ಸಹವಾಸ, ಹೊರದೇಶದ ದುಡ್ಡು ತರೋಣ ಅಂದಿರಾ? ನೋಂದಣಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ, ನೀವು ಆಗುಂಬೆಯ ಮಳೆಯಲ್ಲಿ ಕಪ್ಪೆ ಎಣಿಸುತ್ತಿದ್ದರೂ ದುಡ್ಡು ಮೊದಲು ಬಂದಿಳಿಯುವುದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕಿನಲ್ಲಿ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿಯಿತು. ಇಳಿಯಲಿ, ಎಸಿ ರೂಮಿನ ಖರ್ಚು ಕಡಿಮೆಯಾದರೆ ಒಳ್ಳೆಯದೇ. ಆದರೆ ನಿಯಮದಲ್ಲಿ ವಾಹನ ಓಡಿಸುವ ಖರ್ಚೂ ಆಡಳಿತ ವೆಚ್ಚವೇ! ಕೆಸರಲ್ಲಿ ಹೂತ ಜೀಪನ್ನು ತಳ್ಳುವಾಗ ನೀವು ಸಂಶೋಧನೆ ಮಾಡುತ್ತಿಲ್ಲ, ಆಡಳಿತ ನಡೆಸುತ್ತಿದ್ದೀರಿ. ಹಾಗಂದುಕೊಂಡು ತಳ್ಳಿ, ಜೀಪು ಸ್ವಲ್ಪ ಹಗುರ ಆದರೂ ಆಗಬಹುದು.

ಇಷ್ಟಾಗಿ ಗ್ರಾಂಟು ಬಂತು ಅನ್ನಿ. ಬರುವುದು ಫೆಬ್ರವರಿಯಲ್ಲಿ, ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು. ಕಪ್ಪೆಗಳು ವಟಗುಟ್ಟುವುದು ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ. ಅವಕ್ಕೆ ಹಣಕಾಸು ವರ್ಷದ ಪರಿಜ್ಞಾನವೇ ಇಲ್ಲ. ಆನೆಯಂತೂ ಇನ್ನೂ ಬೇಜವಾಬ್ದಾರಿ. ಗ್ರಾಂಟಿನ ಅವಧಿ 12 ತಿಂಗಳು, ಅದರ ಬಸಿರು ಸುಮಾರು 22 ತಿಂಗಳು. ವಾರ್ಷಿಕ ವರದಿಯ ಫಲಿತಾಂಶದ ಕಾಲಂನಲ್ಲಿ ಏನು ಬರೆಯೋದು? ಉಳಿದ 10 ತಿಂಗಳಿಗೆ ಅರ್ಜಿ ಹಾಕಿದರೆ ದೊಡ್ಡ ಮನಸ್ಸು ಮಾಡಿ ನೋ ಕಾಸ್ಟ್ ಎಕ್ಸ್‌ಟೆನ್ಷನ್ ಕೊಡುತ್ತಾರೆ. ದಿನಗಳು ಎಷ್ಟು ಬೇಕಾದರೂ ತಗೊಳ್ಳಿ, ಕಾಸು ಕೇಳಬೇಡಿ. ಆನೆಗೆ ತೊಂದರೆಯಿಲ್ಲ, ಬಿದಿರು ತಿಂದುಕೊಂಡು ಕಾಯುತ್ತದೆ. ನೀವೂ ಅದನ್ನೇ ತಿನ್ನುವ ಯೋಚನೆಯಲ್ಲಿದ್ದರೆ ಮೊದಲು ಅನುಮತಿ ಪಡೆಯಿರಿ. ಅಭಯಾರಣ್ಯದಲ್ಲಿ ಸುಮ್ನೆ ಬಿದಿರು ಮುರಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.