ಸೆವೆರೆನ್ಸ್ ಬಗ್ಗೆ ಪುಣೆಯ ಮಾತು, ದಾವಣಗೆರೆಯ ಮಾತು

ನಾನಿರೋದು ಪುಣೆಲಿ, ಊರು ದಾವಣಗೆರೆ. ಸೆವೆರೆನ್ಸ್ ಸೀರೀಸ್ ಎರಡು ಕಡೆನೂ ನೋಡ್ತಾರೆ, ಆದ್ರೆ ಅದ್ರ ಬಗ್ಗೆ ಮಾತಾಡೋ ರೀತಿ ಮಾತ್ರ ಒಂದಕ್ಕೊಂದು ಸಂಬಂಧನೇ ಇಲ್ಲ, ನನಗಂತೂ ನಮ್ಮೂರಿನ ರೀತಿನೇ ಹೆಚ್ಚು ಸರಿ ಅನ್ಸುತ್ತೆ.

ನೋಡದೇ ಇರೋರಿಗೆ ಹೇಳ್ಬೇಕಂದ್ರೆ, ಲೂಮನ್ ಅಂತ ಒಂದು ಕಂಪನಿ, ಅಲ್ಲಿ ಕೆಲ್ಸಕ್ಕೆ ಸೇರೋರ ತಲೆಯೊಳಗೆ ಚಿಪ್ ಹಾಕ್ತಾರೆ. ಲಿಫ್ಟಲ್ಲಿ ಕೆಳಗಿಳಿದ ಕೂಡ್ಲೆ ಮನೆ ನೆನಪೆಲ್ಲ ಮಾಯ, ಸಂಜೆ ಮೇಲೆ ಬಂದ್ರೆ ಆಫೀಸಿನ ನೆನಪು ಮಾಯ. ಮೈ ಒಂದೇ, ಒಳಗಿನವನು ಬೇರೆ, ಹೊರಗಿನವನು ಬೇರೆ.

2022ರಲ್ಲಿ ಮೊದಲನೇ ಸೀಸನ್, 2025ರ ಜನವರಿಲಿ ಎರಡನೇದು. ಅಷ್ಟೂ ವರ್ಷ ಪುಣೆಯ ಗೆಳೆಯರು ಮಾತಾಡಿದ್ದು ಥಿಯರಿನೇ. ಆಫೀಸೊಳಗೆ ಆ ಮೇಕೆಗಳು ಯಾಕೆ, ಸ್ಕ್ರೀನ್ ಮೇಲಿನ ನಂಬರ್‌ಗಳ ಅರ್ಥ ಏನು, ಕಾರಿಡಾರ್ ಎಲ್ಲಿಗೆ ಹೋಗುತ್ತೆ, ಇಷ್ಟೇ. ಒಬ್ರು ಇನ್ನೂ ನೋಡಿಲ್ಲ ಅಂದ್ರೆ ಸ್ಪಾಯ್ಲರ್ ಅಂತ ಅದೂ ಬಂದ್! ಅವರಿಂದ ಕಲಿತಿದ್ದೂ ಇದೆ, ಇಲ್ಲ ಅನ್ನಲ್ಲ. 1953ರಲ್ಲಿ ಮೂರ್ಛೆ ರೋಗಕ್ಕೆ ಅಂತ ಆಪರೇಷನ್ ಆದ ಹೆನ್ರಿ ಮೊಲೈಸನ್ ಕತೆ ಹೇಳಿದ್ದು ಅಲ್ಲಿನವರೇ. ಆತನಿಗೆ ಆಮೇಲೆ ಹೊಸ ಘಟನೆ ಯಾವುದೂ ನೆನಪಲ್ಲಿ ಉಳೀತಿರ್ಲಿಲ್ಲ, ಆದ್ರೂ ಕನ್ನಡಿ ನೋಡ್ಕೊಂಡು ಚಿತ್ರ ತಿದ್ದೋದು ದಿನದಿಂದ ದಿನಕ್ಕೆ ಚೆನ್ನಾಗಿ ಬಂತು, ಹಿಂದೆ ಮಾಡಿದ್ದು ನೆನಪಿಲ್ದಿದ್ರೂ ಕೈಗೆ ಗೊತ್ತು. ಸೀರೀಸಲ್ಲೂ ಲೂಮನ್‌ಗೆ ಹೊಸದಾಗಿ ಸೇರಿದ ಹೆಲ್ಲಿ ಮೇಜಿನ ಮೇಲೆ ಎದ್ದಾಗ ಒಂದು ರಾಜ್ಯದ ಹೆಸರು ಹೇಳ್ತಾಳೆ, ಅವಳಮ್ಮನ ಕಣ್ಣಿನ ಬಣ್ಣ ಹೇಳಕ್ಕಾಗಲ್ಲ. ಆದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ, ಹಂಗಾದ್ರೆ ಅವಳು ಯಾರು ಅಂತ ಯಾರೂ ಕೇಳಲ್ಲ.

ದಾವಣಗೆರೆಲಿ ಮಂಡಕ್ಕಿ ಮಿರ್ಚಿ ಮುಂದಿಟ್ಕೊಂಡು ಕೂತ್ರೆ ನೋಡಿದೋನು ನೋಡದೇ ಇರೋರಿಗೆ ಪೂರ್ತಿ ಕತೆ ಹೇಳಿಬಿಡ್ತಾನೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು ನಮ್ದು, ಕತೆ ಗೊತ್ತಿದ್ರೂ ಅದೇ ನಾಟಕಕ್ಕೆ ಮತ್ತೆ ಹೋಗಿ ಅತ್ತು ಬಂದ ಹಿರಿಯರು ನಮ್ಮ ಮನೆಗಳಲ್ಲೇ ಅವ್ರೆ. ಅದಕ್ಕೇ ಹೆಲ್ಲಿ ಜೊತೆ ಕೆಲ್ಸ ಮಾಡೋ ಡೈಲನ್ ಕತೆ ಕೇಳಿದ ಗೆಳೆಯನ ತಾಯಿನೂ ಮಾತಿಗೆ ಸೇರಿಕೊಂಡ್ರು. ಆಫೀಸಲ್ಲಿ ಎತ್ಕೊಂಡ ಕಾರ್ಡ್ ಎಲ್ಲಿಟ್ಟೆ ಅಂತ ಕೇಳೋಕೆ ಒಳಗಿನ ಡೈಲನ್‌ನ ಅವನ ಮನೇಲೇ ಎಬ್ಬಿಸ್ತಾರೆ, ಅಷ್ಟರಲ್ಲಿ ಒಂದು ಮಗು ಓಡಿಬಂದು ತಬ್ಬಿಕೊಳ್ಳುತ್ತೆ, ತನಗೆ ಮಗು ಐತೆ ಅನ್ನೋದೇ ಅವನಿಗೆ ಆವತ್ತು ಗೊತ್ತಾಗೋದು, ಆಮೇಲೆ ಆಫೀಸಲ್ಲಿ ಮೇಲಿನವನ ಮೇಲೆ ಬಿದ್ದು ಕಚ್ಚೇಬಿಡ್ತಾನೆ. ಎರಡನೇ ಸೀಸನ್‌ನಲ್ಲಿ ಅವನ ಹೆಂಡ್ತಿ ಗ್ರೆಚನ್ ಆಫೀಸಿಗೇ ಬಂದು ಒಳಗಿನವನನ್ನ ಇಷ್ಟಪಡೋಕೆ ಶುರು ಮಾಡ್ತಾಳೆ, ಗೊತ್ತಾದಾಗ ಹೊರಗಿನವನಿಗೆ ಸಿಟ್ಟು. "ಅವಳ ಗಂಡನೇ ಅಲ್ವೇನಪ್ಪ, ಅವಳ ತಪ್ಪೇನೈತೆ" ಅಂದ್ರು ಆ ತಾಯಿ. ನಮ್ ಕಡೆ ಹೊಸಬರು ಸಿಕ್ರೆ ಯಾವೂರು, ಯಾರ ಪೈಕಿ ಅಂತ್ಲೇ ಶುರು ಮಾಡೋದು, ನಿನಗೆ ನೆನಪಿಲ್ದಿದ್ರೂ ನೀನು ಯಾರ ಮಗ ಅಂತ ಓಣಿಗೆ ಗೊತ್ತಿರುತ್ತೆ.

ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಮದುವೆಯಾಗಿ ರಾಣೆಬೆನ್ನೂರಿಗೆ ಹೋಗಿರೋ ಗೆಳತಿ ಸುತರಾಂ ಒಪ್ಪಲಿಲ್ಲ. ಒಳಗಿನ ಹೆಲ್ಲಿ ರಾಜೀನಾಮೆ ಕೊಡ್ತೀನಿ ಅಂದ್ರೆ ಹೊರಗಿನವಳು ವಿಡಿಯೋ ಕಳಿಸಿ ಆಗಲ್ಲ ಅಂತಾಳಲ್ಲ, ಅದನ್ನ ಹಿಡ್ಕೊಂಡು ಅವಳು, "ತವರಲ್ಲಿ ಕೂತು ಹ್ಞೂ ಅಂದೋರು ಬೇರೆ, ಆ ಮನೇಲಿ ದಿನಾ ಇರೋಳು ನಾನು, ಇರ್ಬೇಕೋ ಬೇಡ್ವೋ ಅಂತ ನನ್ನ ಕೇಳ್ಬೇಕಿತ್ತು" ಅಂದ್ಲು. ಇಷ್ಟು ವರ್ಷದ ಥಿಯರಿಗಳಲ್ಲಿ ಇಷ್ಟು ಒಳಗೆ ಹೋದ ಒಂದು ಮಾತೂ ನಾನು ಕೇಳಿರ್ಲಿಲ್ಲ.

ಎರಡನೇ ಸೀಸನ್ನಿನ ಕೊನೇ ಎಪಿಸೋಡಲ್ಲಿ ಕತೆಯ ನಾಯಕ ಮಾರ್ಕ್, ಅಂದ್ರೆ ಒಳಗಿನವನು, ಲೂಮನ್‌ನಲ್ಲಿ ಸಿಕ್ಕಿಬಿದ್ದಿದ್ದ ಹೊರಗಿನವನ ಹೆಂಡ್ತಿ ಜೆಮ್ಮಾನ ಬಾಗಿಲಾಚೆ ಕಳಿಸಿ, ತಾನು ಮಾತ್ರ ತನ್ನ ಪ್ರೀತಿಯ ಹೆಲ್ಲಿ ಜೊತೆ ಒಳಕ್ಕೆ ಓಡ್ತಾನೆ. ಅವನು ದ್ರೋಹಿ ಅಂತ ನಮ್ಮೂರಲ್ಲಿ ಇವತ್ತಿಗೂ ಬೈಯೋರವ್ರೆ. ನಾನು ಅವನ ಪರ. ಇಬ್ಬರೂ ಮಾರ್ಕ್‌ಗಳು ಕ್ಯಾಮ್‌ಕಾರ್ಡರಲ್ಲಿ ರೆಕಾರ್ಡ್ ಮಾಡಿ ಮಾತಾಡ್ಕೊಳ್ಳೋ ಸೀನ್ ಇನ್ನೊಂದ್ಸಲ ನೋಡಿ, ನಿನ್ನ ಪ್ರೀತಿನೂ ಉಳಿಸ್ತೀನಿ ಅಂತ ಮಾತು ಕೊಡೋ ಹೊರಗಿನವನು ಹೆಲ್ಲಿ ಹೆಸರನ್ನೇ ಹೆಲೆನಿ ಅಂತಾನೆ. ಹಂಗಿದ್ಮೇಲೆ ಅವನನ್ನ ನಂಬಿ ಒಳಗಿನವನು ತನ್ನ ಜೀವ ಯಾಕೆ ಬಿಡ್ಬೇಕು? ಪುಣೆಯ ಗೆಳೆಯರು ಮೊದಲು ಇದಕ್ಕೆ ಉತ್ತರ ಹೇಳ್ಲಿ, ಮೇಕೆ ವಿಷಯ ಆಮೇಲೆ ನೋಡೋಣ.