ರಂಗನತಿಟ್ಟು: ಮರಿ ಮಾಡುವ ಕಾಲದಲ್ಲಿ ದೋಣಿ ಬೇಕೇ?

ಪರ: ದೋಣಿ ನಿಲ್ಲಿಸಬೇಡಿ

ಮೈಸೂರಿನ ಎಷ್ಟೋ ಮಕ್ಕಳಿಗೆ ಕಾವೇರಿ ಎಂದರೆ ನಲ್ಲಿಯಲ್ಲಿ ಬರುವ ನೀರು. ಅದು ಹೊಳೆ ಎಂದು ಅವರಿಗೆ ಗೊತ್ತಾಗುವುದು ಶ್ರೀರಂಗಪಟ್ಟಣದ ಹತ್ತಿರದ ಈ ತಿಟ್ಟುಗಳ ನಡುವೆ. ಹೋದ ಸಲ ಅಂಬಿಗರು ಹುಟ್ಟು ಮೇಲೆತ್ತಿ ದೋಣಿಯನ್ನು ಅದರ ಪಾಡಿಗೆ ತೇಲಲು ಬಿಟ್ಟರು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಅಲುಗಲಿಲ್ಲ. ಆಚೆಯ ಮರದಲ್ಲಿ ಬಣ್ಣದ ಕೊಕ್ಕರೆಯೊಂದು ಗೂಡಿಗೆ ಮೀನು ಕಕ್ಕಿತು, ಮರಿಗಳು ಮುಗಿಬಿದ್ದವು. ನನ್ನ ಪಕ್ಕ ಕೂತಿದ್ದ ಹುಡುಗಿ ದಡ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ.

1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಅರಸರ ಮನವೊಲಿಸಿ ಇದನ್ನು ಪಕ್ಷಿಧಾಮ ಮಾಡಿಸಿದರು. ಈಗ ಅರಸರಿಲ್ಲ, ಹೊಳೆ ಕೆಟ್ಟರೆ ಜನರೇ ದನಿ ಎತ್ತಬೇಕು. ಕಣ್ಣಾರೆ ನೋಡದವರು ಏಕೆ ಎತ್ತುತ್ತಾರೆ? ಹುಟ್ಟು ಹಾಕುವ ದೋಣಿಗೆ ಕೊಕ್ಕರೆಗಳು ಹೆದರಿದ್ದರೆ ವರ್ಷವರ್ಷವೂ ಇಲ್ಲಿಗೇ ಮರಳುತ್ತಿರಲಿಲ್ಲ.

ವಿರೋಧ: ಮಾರ್ಚ್‌ನಿಂದ ಮೇವರೆಗೆ ಬಂಡೆಗಳ ಬಳಿ ಬೇಡ

ಕೊಕ್ಕರೆಯ ಮಾತು ಒಪ್ಪುತ್ತೇನೆ. ಅದರ ಗೂಡು ಮರದ ಮೇಲಿದೆ. ನದಿ ರೀವದ (ರಿವರ್ ಟರ್ನ್) ಪಾಡು ಬೇರೆ. ಬರಿ ಬಂಡೆಯ ಮೇಲೆ, ಒಂದು ಕಡ್ಡಿಯನ್ನೂ ಇಡದೆ, ಕಲ್ಲಿನದೇ ಬಣ್ಣದ ಎರಡೋ ಮೂರೋ ಚುಕ್ಕೆಮೊಟ್ಟೆ ಇಡುವ ಹಕ್ಕಿ ಅದು. ದೋಣಿ ಹತ್ತಿರ ಬಂತೆಂದರೆ ಕಿರುಚುತ್ತ ಮೇಲೇಳುತ್ತದೆ, ನಮ್ಮ ತಲೆಯ ಮೇಲೆಯೇ ಸುತ್ತುತ್ತದೆ. ನಾವು ಸಂತೋಷದಿಂದ ಫೋಟೋ ತೆಗೆಯುತ್ತೇವೆ. ಅಷ್ಟು ಹೊತ್ತೂ ಮೊಟ್ಟೆ ಏಪ್ರಿಲ್ ಬಿಸಿಲಲ್ಲಿ ಬೇಯುತ್ತಿರುತ್ತದೆ. ಮೊಟ್ಟೆ ಕದಿಯಲು ಕಾಗೆಗಂತೂ ಅಷ್ಟು ಹೊತ್ತೂ ಬೇಡ.

ಮೊದಲ ಮೊಟ್ಟೆಗಳು ಹೋದರೆ ಮತ್ತೆ ಇಡಬಹುದು. ಆದರೆ ದಿನಗಳು ಎಲ್ಲಿವೆ? ಈ ತಿಟ್ಟುಗಳು ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಆದವು. ಮೇಲೆ ಕೆಆರ್‌ಎಸ್ ಇದೆ. ಮಳೆ ಹಿಡಿದು ಗೇಟು ತೆರೆದರೆ ಮೊದಲು ಮುಳುಗುವುದು ತಗ್ಗಿನ ಬಂಡೆಗಳೇ. ಅಷ್ಟರೊಳಗೆ ಮರಿಗೆ ರೆಕ್ಕೆ ಬಲಿತಿರಬೇಕು. ಜಗತ್ತಿನಲ್ಲೇ ಅಪಾಯದ ಪಟ್ಟಿ ಸೇರಿರುವ ಹಕ್ಕಿಗೆ ಒಂದೇ ವರ್ಷದ ಮರಿಗಳು ಹೋದರೂ ದೊಡ್ಡ ನಷ್ಟವೇ.

2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಜಗತ್ತು ಮಹತ್ವದ್ದೆಂದು ಗುರುತಿಸಿದ ಜೌಗು ನೆಲೆ, ಆಯಿತು. ಮೂರು ತಿಂಗಳು ಬಂಡೆಗಳಿಂದ ದೂರವಿರಲು ನಮಗೆ ಕಷ್ಟವೇನು? ಬಿದಿರ ನೆರಳಿನ ದಡದಲ್ಲಿ ಒಂದು ಒಳ್ಳೆಯ ದುರ್ಬೀನು ನಿಲ್ಲಿಸಿ. ಕಾವಿಗೆ ಕೂತ ರೀವ ಆ ಹುಡುಗಿಗೆ ಅಲ್ಲಿಂದಲೇ ಕಾಣಲಿ.